ದೂರ ಕಂಡ ಮಾತ್ರಕ್ಕೆ ಹತ್ತಿರವಾಗುವುದಿಲ್ಲ

ನಮ್ಮ ಶಾಲೆಯ ಹುಡುಗರಿಗೆ ಸೂಕ್ಷ್ಮದರ್ಶಕದ ಭಾಗಗಳನ್ನು ಹೆಸರಿಸಿ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಆದರೆ ಕೋವಿಯ ಮೇಲಿನ ಸ್ಕೋಪು ಎಷ್ಟು ಬಗೆ ಎಂದು ಕೇಳಿ ನೋಡಿ, ಎರಡು ಎಕ್ಸ್, ನಾಲ್ಕು ಎಕ್ಸ್, ಎಂಟು ಎಕ್ಸ್ ಅಂತ ಮಗ್ಗಿಯ ಹಾಗೆ ಒಪ್ಪಿಸಿಬಿಡುತ್ತಾರೆ! ಪಬ್ಜಿ ಎಂಬ ಆಟ 2020ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದಲ್ಲಿ ನಿಷೇಧವಾಯಿತು, 2021ರಲ್ಲಿ ಅದರ ತಮ್ಮ ಬೇರೆ ಹೆಸರಿಟ್ಟುಕೊಂಡು ಬಂದ. ಆಟ ಹೋದರೂ ಬಂದರೂ ಒಂದು ನಂಬಿಕೆ ಮಾತ್ರ ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ: ಎಕ್ಸ್ ಹೆಚ್ಚಾದಷ್ಟೂ ಗುರಿ ಸುಲಭ.

ಇದು ಮಕ್ಕಳ ನಂಬಿಕೆ ಮಾತ್ರವಲ್ಲ ಎಂಬುದು ಈಚೆಗೆ ನಮಗೆ ಗೊತ್ತಾಯಿತು. ನಮ್ಮಲ್ಲೇ ಕಲಿತು ಈಗ ಅಮೆರಿಕದ ಕೊಲರಾಡೋದಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೇಲ್ ಬರೆದಿದ್ದ. ಆಫೀಸಿನ ಗೆಳೆಯರ ಜೊತೆ ಎಲ್ಕ್ ಬೇಟೆಗೆ ಹೊರಟಿದ್ದಾನಂತೆ. "ಸರ್, ದೂರದ ಬೇಟೆಗೆ ಯಾವ ಸ್ಕೋಪು ತೆಗೆದುಕೊಳ್ಳಲಿ? ಅಂಗಡಿಯವನು 25 ಎಕ್ಸ್ ಹೇಳುತ್ತಿದ್ದಾನೆ. ಮಸೂರದ ಪಾಠ ಮಾಡಿದವರು ನೀವೇ ಅಲ್ಲವೇ?" ಅಂತ ಕೇಳಿದ್ದ. ನಾವು ಬೇಟೆಗಾರರಲ್ಲ. ಆದರೆ ಪ್ರಶ್ನೆಯಲ್ಲಿ ಮಸೂರ ಇದೆ, ಕೋನ ಇದೆ, ಸಮರೂಪ ತ್ರಿಭುಜ ಇದೆ. ಅದಕ್ಕೂ ಮಿಗಿಲಾಗಿ ಒಂದು ಪ್ರಾಣಿಯ ನೋವಿದೆ. ಹಾಗಾಗಿ ಅವನಿಗೆ ಬರೆದದ್ದನ್ನೇ ಇನ್ನಷ್ಟು ಬೆಳೆಸಿ ಇಲ್ಲಿ ಹಾಕುತ್ತಿದ್ದೇವೆ.

"ಮಾಷ್ಟ್ರೇ, ಬೇಟೆಯ ವಿಷಯ ನಿಮಗ್ಯಾಕೆ?" ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶೋಕಿಗಾಗಿ ಆಡುವ ಶಿಕಾರಿಯ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಅಮೆರಿಕದ ಪಶ್ಚಿಮದ ರಾಜ್ಯಗಳ ಸಂಗತಿ ಬೇರೆ. ಅಲ್ಲಿ ಬೇಟೆ ಕಾನೂನುಬದ್ಧ. ಯಾವ ತಿಂಗಳು, ಯಾವ ಕಾಡು, ಗಂಡೋ ಹೆಣ್ಣೋ ಎಲ್ಲಕ್ಕೂ ಲೈಸೆನ್ಸು. ಕೊಲರಾಡೋದಲ್ಲಿ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸು ಮುಗಿಸಿರಬೇಕು. ಹೊಡೆದ ಪ್ರಾಣಿಯ ತಿನ್ನಬಹುದಾದ ಮಾಂಸವನ್ನು ಬಿಟ್ಟು ಬರುವ ಹಾಗಿಲ್ಲ. ಬೇಟೆ ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ. ಹೊಡೆಯುವುದೇ ಆದರೆ ಹೇಗೆ ಹೊಡೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದಷ್ಟೇ ಇವತ್ತಿನ ಮಾತು.

ಮೊದಲು ನಮ್ಮ ಅಭಿಪ್ರಾಯವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತೇವೆ. ಸ್ಕೋಪು ನೋಡಿ ದೂರ ನಿರ್ಧರಿಸಬೇಡಿ, ನಿಮ್ಮ ದೂರ ನೋಡಿ ಸ್ಕೋಪು ಆರಿಸಿ. ಅಂಗಡಿಗಳೂ ಯೂಟ್ಯೂಬಿನ ವೀರರೂ ಹೇಳುವುದು ಇದಕ್ಕೆ ತಲೆಕೆಳಗು. "ಈ ಸ್ಕೋಪು ಕೊಂಡರೆ 1000 ಗಜ ನಿಮ್ಮದು" ಅನ್ನುತ್ತಾರೆ. ಅದು ಹೇಗಿದೆ ಅಂದರೆ, ದೊಡ್ಡ ಕನ್ನಡಕ ಕೊಂಡರೆ ಪರೀಕ್ಷೆ ಪಾಸು ಅಂದ ಹಾಗಿದೆ!

ಕೋವಿಯ ಮೇಲೆ ದುರ್ಬೀನು ಕೂರಿಸುವುದು ಹೊಸ ಸಂಗತಿಯೇನಲ್ಲ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನಲ್ಲಿ ವಿಲಿಯಂ ಮಾಲ್ಕಂ ಎಂಬಾತ 1855ರ ಹೊತ್ತಿಗೇ ಇಂಥ ಉದ್ದ ಕೊಳವೆಗಳನ್ನು ಮಾಡಿ ಮಾರುತ್ತಿದ್ದ. ಆಮೇಲೆ ಬಹುಕಾಲ ಅವಕ್ಕಿದ್ದ ದೊಡ್ಡ ಕಾಯಿಲೆ ಮಂಜು. ಬೆಚ್ಚಗಿನ ಕಡೆಯಿಂದ ಚಳಿಗೆ ಬಂದರೆ ಒಳಗಿನ ತೇವ ಗಾಜಿನ ಮೇಲೆ ಕೂತು ಎಲ್ಲ ಬೆಳ್ಳಗಾಗುತ್ತಿತ್ತು. ಕೊಳವೆಯೊಳಗೆ ಒಣ ನೈಟ್ರೋಜನ್ ತುಂಬಿ ಬಿಗಿಯಾಗಿ ಮುಚ್ಚುವ ಉಪಾಯ ಬಂದ ಮೇಲೆ ಆ ಕಾಯಿಲೆ ವಾಸಿಯಾಯಿತು. ಆದ್ದರಿಂದ ಸ್ಕೋಪು ಕೊಳ್ಳುವವರು ಮೊದಲು ಕೇಳಬೇಕಾದ್ದು ಎಷ್ಟು ಎಕ್ಸ್ ಎಂದಲ್ಲ. ನೀರು, ಮಂಜು, ಏಟು ತಡೆಯುತ್ತದೆಯೇ ಎಂದು.

ಈಗ ಎಕ್ಸ್ ಕಡೆಗೆ ಬರೋಣ. ಹತ್ತು ಎಕ್ಸ್ ಅಂದರೆ 500 ಗಜ ದೂರದ ವಸ್ತು 50 ಗಜದಲ್ಲಿರುವಂತೆ ಕಾಣುವುದು. ಕೇಳಲು ಚೆಂದ. ಆದರೆ ಸ್ಕೋಪು ಪ್ರಾಣಿಯನ್ನು ಮಾತ್ರ ದೊಡ್ಡದು ಮಾಡುವುದಿಲ್ಲ. ನಿಮ್ಮ ಕೈಯ ನಡುಕವನ್ನೂ ದೊಡ್ಡದು ಮಾಡುತ್ತದೆ, ಎದೆಬಡಿತವನ್ನೂ ದೊಡ್ಡದು ಮಾಡುತ್ತದೆ. ಬಿಸಿಲಿಗೆ ನೆಲದಿಂದೇಳುವ ಬಿಸಿಗಾಳಿಯ ಅಲೆ ಇದೆಯಲ್ಲ, ಮಾರ್ಚಿನ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ನೀರಿನಂತೆ ಕಾಣುತ್ತದಲ್ಲ, ಅದನ್ನೂ ದೊಡ್ಡದು ಮಾಡುತ್ತದೆ. 25 ಎಕ್ಸ್‌ನಲ್ಲಿ ಎಲ್ಕ್ ಬದಲು ಕುದಿಯುವ ಸಾರು ಕಂಡರೂ ಆಶ್ಚರ್ಯವಿಲ್ಲ.

ಇನ್ನೊಂದು ನಷ್ಟ ನೋಟದ ಅಗಲ. ಹತ್ತು ಎಕ್ಸ್‌ನಲ್ಲಿ 100 ಗಜ ದೂರಕ್ಕೆ ಸುಮಾರು 10 ಅಡಿ ಅಗಲದ ಜಾಗ ಕಂಡರೆ, 25 ಎಕ್ಸ್‌ನಲ್ಲಿ ನಾಲ್ಕೂವರೆ ಅಡಿಯೂ ಕಷ್ಟ. ಈಡು ಹಾರಿದ ಕೂಡಲೇ ಕೋವಿ ಜಿಗಿಯುತ್ತದೆ, ಪ್ರಾಣಿ ನೋಟದಿಂದ ಮಾಯ. ತಾಗಿತೋ ಇಲ್ಲವೋ, ಯಾವ ಕಡೆ ಓಡಿತು, ಎರಡನೇ ಈಡು ಬೇಕೋ... ಏನೂ ತಿಳಿಯುವುದಿಲ್ಲ. ಬೇಟೆಗಾರ ಕಣ್ಣಿದ್ದೂ ಕುರುಡನಾಗುವ ಗಳಿಗೆ ಅದು.

ಮೂರನೆಯದು ಬೆಳಕು. ಇದು ನಮ್ಮ ಪಾಠದ ಲೆಕ್ಕ. ಮುಂದಿನ ಮಸೂರದ ವ್ಯಾಸವನ್ನು ಎಕ್ಸ್‌ನಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 50 ಮಿ.ಮೀ. ಮಸೂರ, ಹತ್ತು ಎಕ್ಸ್: 5 ಮಿ.ಮೀ. ಅದೇ ಮಸೂರ, 25 ಎಕ್ಸ್: ಬರೀ 2 ಮಿ.ಮೀ. ಮುಸ್ಸಂಜೆಯಲ್ಲಿ ನಮ್ಮ ಕಣ್ಣಿನ ಪಾಪೆ ಪ್ರಾಯದವರಲ್ಲಿ 7 ಮಿ.ಮೀ.ವರೆಗೂ, ವಯಸ್ಸಾದವರಲ್ಲಿ ಸುಮಾರು 5 ಮಿ.ಮೀ.ವರೆಗೂ ಅರಳುತ್ತದೆ. ಅಷ್ಟು ದೊಡ್ಡ ಬಾಗಿಲು ತೆರೆದಿಟ್ಟು 2 ಮಿ.ಮೀ. ಬೆಳಕು ಒಳಗೆ ಬಿಟ್ಟರೆ ಚಿತ್ರ ಮಂಕಾಗದೆ ಇನ್ನೇನಾದೀತು? ಕೊಲರಾಡೋದಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಬೇಟೆಗೆ ಅವಕಾಶ. ಎಲ್ಕ್ ಬಯಲಿಗೆ ಬರುವುದೂ ಆ ಮಬ್ಬಿನಲ್ಲೇ. ಆಗ ಬೇಕಾದ್ದು ಕಡಿಮೆ ಎಕ್ಸ್, ಒಳ್ಳೆಯ ಗಾಜು.

ಕೊಳವೆ 30 ಮಿ.ಮೀ., 34 ಮಿ.ಮೀ. ದಪ್ಪ ಇದ್ದರೆ ಬೆಳಕು ಹೆಚ್ಚು ಎಂದು ಹೇಳುವವರಿದ್ದಾರೆ. ನಂಬಬೇಡಿ. ದಪ್ಪ ಕೊಳವೆಯ ಮುಖ್ಯ ಲಾಭ ಒಳಗಿನ ಮಸೂರಗಳನ್ನು ಮೇಲೆ ಕೆಳಗೆ ಸರಿಸಲು ಹೆಚ್ಚು ಜಾಗ ಸಿಗುವುದು. ಬೆಳಕಿನ ಲೆಕ್ಕ ಮುಂದಿನ ಮಸೂರದ್ದು, ಗಾಜಿನ ಗುಣದ್ದು, ಅದರ ಮೇಲಿನ ಲೇಪದ್ದು.

ಈಗ ತಿರುಗಣೆಗಳ ವಿಚಾರ. ದೂರದ ಬೇಟೆಗೆ ಸ್ಕೋಪು ಆರಿಸುವುದರ ಹೃದಯ ಇಲ್ಲಿದೆ. ಗುಂಡು ನೇರ ಹೋಗುವುದಿಲ್ಲ. ಮಾವಿನ ಕಾಯಿಗೆ ಎಸೆದ ಕಲ್ಲಿನ ಹಾಗೆ ಬೀಳುತ್ತಲೇ ಹೋಗುತ್ತದೆ. ಈಗ ಅಲ್ಲಿ ಬಹಳ ಜನಪ್ರಿಯವಾದ 6.5 ಕ್ರೀಡ್‌ಮೋರ್ ಎಂಬ ತೋಟೆಯನ್ನೇ ನೋಡಿ. 200 ಗಜಕ್ಕೆ ಸರಿಯಾಗಿ ಗುರಿ ಹೊಂದಿಸಿದ ಕೋವಿಯಿಂದ ಹೊರಟ ಗುಂಡು 300 ಗಜದಲ್ಲಿ 7-8 ಅಂಗುಲ ಕೆಳಗೆ ಬೀಳುತ್ತದೆ. 500 ಗಜದಲ್ಲಿ ಸುಮಾರು 43 ಅಂಗುಲ, 600 ಗಜದಲ್ಲಿ ಒಬ್ಬ ಮನುಷ್ಯನ ಎತ್ತರದಷ್ಟು. ದೂರ ಎರಡು ಪಾಲಾದರೆ ಬೀಳು ಎರಡು ಪಾಲಾಗುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚಾಗುತ್ತದೆ. ಆದ್ದರಿಂದ ದೂರವನ್ನು 25 ಗಜ ತಪ್ಪಾಗಿ ಅಂದಾಜು ಮಾಡಿದರೆ 200ರಲ್ಲಿ ಏನೂ ಆಗುವುದಿಲ್ಲ, 500ರಲ್ಲಿ ಎಲ್ಲವೂ ಆಗುತ್ತದೆ.

ಈ ಬೀಳನ್ನು ಸರಿದೂಗಿಸಲು ಸ್ಕೋಪಿನ ಮೇಲಿನ ತಿರುಗಣೆಯನ್ನು ಕಟಕಟ ಎಂದು ತಿರುಗಿಸುತ್ತಾರೆ. ಒಂದು ಡಿಗ್ರಿಯ 60ನೇ ಒಂದು ಪಾಲಿಗೆ ಕೋನ ನಿಮಿಷ ಎನ್ನುತ್ತೇವಲ್ಲ, ಅದು 100 ಗಜದಲ್ಲಿ 1.047 ಅಂಗುಲ. ಒಂದು ಕಟಕ್ ಅಂದರೆ ಸಾಮಾನ್ಯವಾಗಿ ಕಾಲು ನಿಮಿಷ. 500 ಗಜದಲ್ಲಿ 43 ಅಂಗುಲ ಮೇಲೆತ್ತಬೇಕಾದರೆ ಸುಮಾರು 8.25 ನಿಮಿಷ, ಅಂದರೆ 33 ಕಟಕ್. ಇನ್ನೊಂದು ಪದ್ಧತಿ ಮಿಲಿರೇಡಿಯನ್. 100 ಮೀಟರಿನಲ್ಲಿ 10 ಸೆಂ.ಮೀ., ಒಂದು ಕಟಕ್‌ಗೆ 1 ಸೆಂ.ಮೀ. ದಶಮಾಂಶದಲ್ಲಿ ಬೆಳೆದ ನಮ್ಮವರಿಗೆ ಇದೇ ಸುಲಭ. ರೇಡಿಯನ್ ಯಾಕೆ ಕಲಿಯಬೇಕು ಸರ್ ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದವರೇ, ಇದಕ್ಕೆ! ಯಾವುದಾದರೂ ಸರಿ. ಆದರೆ ಒಳಗಿನ ಗೆರೆಗಳೂ ಹೊರಗಿನ ತಿರುಗಣೆಯೂ ಒಂದೇ ಪದ್ಧತಿಯಲ್ಲಿರಬೇಕು. ಗೆರೆ ಮಿಲಿಯಲ್ಲಿ, ತಿರುಗಣೆ ನಿಮಿಷದಲ್ಲಿ ಇರುವ ಸ್ಕೋಪುಗಳೂ ಉಂಟು. ತೂಕ ಕಿಲೋದಲ್ಲಿ, ದುಡ್ಡು ಸೇರಿನ ಲೆಕ್ಕದಲ್ಲಿ ಅಂದ ಹಾಗೆ. ಗಡಿಬಿಡಿಯಲ್ಲಿ 3.438ರಿಂದ ಗುಣಿಸುತ್ತಾ ಕೂರಲು ಯಾರಿಂದ ಸಾಧ್ಯ?

33 ಕಟಕ್ ತಿರುಗಿಸಿದರೆ ನಿಜಕ್ಕೂ 33 ಕಟಕ್‌ನಷ್ಟೇ ಸರಿಯುತ್ತದೆಯೇ? ಮರಳಿ ತಿರುಗಿಸಿದರೆ ಮೊದಲಿನ ಜಾಗಕ್ಕೇ ಬರುತ್ತದೆಯೇ? ಅಗ್ಗದ ಸ್ಕೋಪುಗಳು ಹೆಚ್ಚಾಗಿ ಸೋಲುವುದು ಇಲ್ಲಿ. ಪರೀಕ್ಷಿಸುವುದು ಸುಲಭ. 100 ಗಜ ದೂರದಲ್ಲಿ ಎತ್ತರದ ಹಲಗೆ ನಿಲ್ಲಿಸಿ, ತೂಗುಗುಂಡು ಹಿಡಿದು ನೇರ ಗೆರೆ ಎಳೆಯಿರಿ. ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಹೊಡೆಯಿರಿ. ಆಮೇಲೆ 20 ನಿಮಿಷ ಮೇಲೆ ತಿರುಗಿಸಿ, ಅದೇ ಚುಕ್ಕೆಗೆ ಗುರಿಯಿಟ್ಟು ಹೊಡೆಯಿರಿ. ಗುಂಡು 20.9 ಅಂಗುಲ ಮೇಲೆ, ಗೆರೆಯ ಮೇಲೇ ಬೀಳಬೇಕು. ಗೆರೆಯಿಂದ ಪಕ್ಕಕ್ಕೆ ಸರಿದರೆ ಸ್ಕೋಪು ಓರೆಯಾಗಿ ಕೂತಿದೆ ಎಂದರ್ಥ. 5 ಡಿಗ್ರಿ ಓರೆಯಾದರೆ ಏನಾಗುತ್ತದೆ ಎಂದು ಕೇಳಬೇಡಿ, ಲೆಕ್ಕ ಹಾಕಿ. ಸೈನ್ 5 ಡಿಗ್ರಿ ಅಂದರೆ 0.087. 43 ಅಂಗುಲ ಎತ್ತಲು ಹೊರಟರೆ ಹತ್ತಿರ ಹತ್ತಿರ 4 ಅಂಗುಲ ಪಕ್ಕಕ್ಕೂ ಹೋಗುತ್ತದೆ. ಎರಡು ಸಾವಿರ ಡಾಲರಿನ ಸ್ಕೋಪನ್ನು ಇಪ್ಪತ್ತು ಡಾಲರಿನ ಬಳೆಯಲ್ಲಿ ಕೂರಿಸುವವರು ಇದನ್ನು ನೆನಪಿಡಬೇಕು.

ಇನ್ನೊಂದು ಹೊಂಡ ಇದೆ, ಬಹಳ ಮಂದಿ ಬೀಳುವಂಥದ್ದು. ಒಳಗಿನ ಗೆರೆಗಳು ಎರಡು ಬಗೆ. ಒಂದರಲ್ಲಿ ಎಕ್ಸ್ ಹೆಚ್ಚು ಮಾಡಿದಂತೆ ಗೆರೆಯೂ ಪ್ರಾಣಿಯ ಜೊತೆಗೇ ದೊಡ್ಡದಾಗುತ್ತದೆ. ಅದಕ್ಕೆ ಮೊದಲ ನಾಭಿತಲದ ಗೆರೆ ಎನ್ನೋಣ. ಇನ್ನೊಂದರಲ್ಲಿ ಪ್ರಾಣಿ ದೊಡ್ಡದಾದರೂ ಗೆರೆ ಹಾಗೇ ಇರುತ್ತದೆ. ಅದು ಎರಡನೇ ನಾಭಿತಲದ್ದು. ಈ ಎರಡನೆಯದರಲ್ಲಿ ಗೆರೆಯ ಮೇಲಿನ ಗುರುತುಗಳು ಒಂದೇ ಒಂದು ಎಕ್ಸ್‌ನಲ್ಲಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ, ಮಾತ್ರ ಸತ್ಯ ಹೇಳುತ್ತವೆ. 25 ಎಕ್ಸ್‌ನಲ್ಲಿ 2 ಮಿಲಿ ತೋರಿಸುವ ಗುರುತು ಹನ್ನೆರಡೂವರೆ ಎಕ್ಸ್‌ನಲ್ಲಿ 4 ಮಿಲಿ ಆಗಿಬಿಡುತ್ತದೆ. 500 ಗಜದಲ್ಲಿ ಒಂದು ಮಿಲಿ ಅರ್ಧ ಗಜ. ಅಂದರೆ ಗುಂಡು ಪೂರ್ತಿ ಒಂದು ಗಜ ಮೇಲೆ ಹಾರಿತು! ಮುನ್ನೂರು ಗಜದೊಳಗೆ ಬರೀ ನಡುಗೆರೆಯಲ್ಲಿ ಹೊಡೆಯುವವರಿಗೆ ಎರಡನೇ ಬಗೆಯೇ ಸಾಕು, ಮಬ್ಬಿನಲ್ಲಿ ಗೆರೆ ಚೆನ್ನಾಗಿ ಕಾಣುತ್ತದೆ. ಗೆರೆಯ ಗುರುತು ನೋಡಿ ಎತ್ತಿ ಹಿಡಿಯುವ ಅಭ್ಯಾಸದವರಿಗೆ ಮೊದಲನೆಯದು ಲೇಸು.

ಪ್ಯಾರಲ್ಯಾಕ್ಸ್ ಬಗ್ಗೆ ಎರಡು ಮಾತು. ಲ್ಯಾಬಿನಲ್ಲಿ ಅಮ್ಮೀಟರಿನ ಮುಳ್ಳನ್ನು ಓರೆಯಿಂದ ನೋಡಿದರೆ ಬೇರೆ ಅಂಕೆ ಕಾಣುತ್ತದಲ್ಲ, ಅದಕ್ಕೇ ಮುಳ್ಳಿನ ಕೆಳಗೆ ಕನ್ನಡಿ ಇಟ್ಟಿರುತ್ತಾರಲ್ಲ, ಅದೇ ಸಂಗತಿ. ಕಣ್ಣು ಸ್ವಲ್ಪ ಸರಿದರೂ ಗುರಿಯ ಗೆರೆ ಪ್ರಾಣಿಯ ಮೇಲೆ ಜಾರುತ್ತದೆ. 300 ಗಜ ದಾಟುವವರು ಪಕ್ಕದಲ್ಲಿ ಅದನ್ನು ಸರಿಪಡಿಸುವ ಗುಂಡಿ ಇರುವ ಸ್ಕೋಪನ್ನೇ ಕೊಳ್ಳಬೇಕು. ಕಣ್ಣಿಗೂ ಸ್ಕೋಪಿಗೂ ಮೂರೂವರೆ ನಾಲ್ಕು ಅಂಗುಲ ಅಂತರ ಸಿಗುವಂತಿರಬೇಕು, ಇಲ್ಲದಿದ್ದರೆ ಕೋವಿ ಒದ್ದಾಗ ಹುಬ್ಬು ಸೀಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಶಿಫಾರಸು ಬಹಳ ಸಪ್ಪೆಯಾಗಿ ಕಾಣಬಹುದು. 3ರಿಂದ 15 ಎಕ್ಸ್, ಅಥವಾ ಎರಡೂವರೆಯಿಂದ 10 ಎಕ್ಸ್. ಮುಂದಿನ ಮಸೂರ 42ರಿಂದ 50 ಮಿ.ಮೀ. ನಂಬಿಕೆಗೆ ಅರ್ಹವಾದ ತಿರುಗಣೆ, ಅದು ತಾನಾಗಿ ತಿರುಗದಂತೆ ಒಂದು ತಡೆ, ಸೊನ್ನೆಗೆ ಬಂದು ನಿಲ್ಲುವ ವ್ಯವಸ್ಥೆ. ಎಡಬಲದ ತಿರುಗಣೆಗೆ ಮುಚ್ಚಳ. 9000 ಅಡಿ ಎತ್ತರದ ಬೆಟ್ಟ ಹತ್ತುವವರಿಗೆ ಭಾರವೂ ಒಂದು ವಿಷಯ, ಮುಕ್ಕಾಲು ಕಿಲೋ ದಾಟದಿರಲಿ. ಉಳಿದ ಹಣವನ್ನು ಮೂರು ಕಡೆ ಹಾಕಿ: ಒಂದು ಒಳ್ಳೆಯ ಬೈನಾಕ್ಯುಲರ್, ಒಂದು ದೂರ ಅಳೆಯುವ ಲೇಸರ್ ಯಂತ್ರ, ಮತ್ತು ಅಭ್ಯಾಸಕ್ಕೆ ಬೇಕಾದಷ್ಟು ತೋಟೆ. ಬೈನಾಕ್ಯುಲರ್ ಯಾಕೆಂದರೆ ಸ್ಕೋಪು ಹುಡುಕುವ ಸಾಧನವಲ್ಲ. ಸ್ಕೋಪಿನಿಂದ ಹುಡುಕುವುದೆಂದರೆ ಕಂಡಕಂಡದ್ದಕ್ಕೆಲ್ಲ ತುಂಬಿದ ಕೋವಿ ಹಿಡಿಯುವುದು. ಆ ಪೊದೆಯ ಹಿಂದಿರುವುದು ಇನ್ನೊಬ್ಬ ಬೇಟೆಗಾರನೂ ಆಗಿರಬಹುದು.

ಲೇಸರ್ ಯಂತ್ರವನ್ನೂ ಕುರುಡಾಗಿ ನಂಬಬೇಡಿ. ಇಳಿಜಾರಿನಲ್ಲಿ 30 ಡಿಗ್ರಿ ಕೆಳಗೆ 500 ಗಜ ತೋರಿಸಿದರೆ ಗುಂಡಿನ ಬೀಳಿಗೆ ಹಿಡಿಯಬೇಕಾದ್ದು 500 ಗುಣಿಸು ಕೊಸೈನ್ 30, ಅಂದರೆ 433 ಗಜ. ಹೊಸ ಯಂತ್ರಗಳು ಇದನ್ನು ತಾವೇ ಲೆಕ್ಕ ಹಾಕುತ್ತವೆ, ಹಳೆಯವು ಹಾಕುವುದಿಲ್ಲ. ಹಾಗೆಯೇ ನಾವು ಮೇಲೆ ಕೊಟ್ಟ ಅಂಕೆಗಳು ಸುಮಾರಾಗಿ ಸಮುದ್ರಮಟ್ಟದವು. ಎತ್ತರದಲ್ಲಿ ಗಾಳಿ ತೆಳು, ಬೀಳು ಕಡಿಮೆ. ಕೆಳಗಿನ ಊರಿನ ಕೋಷ್ಟಕ ಬೆಟ್ಟದ ಮೇಲೆ ಸುಳ್ಳು ಹೇಳುತ್ತದೆ.

ಸರಿ, ಎಲ್ಲ ಕೊಂಡಾಯಿತು. ಬೀಳಿನ ಲೆಕ್ಕ ಸಿಕ್ಕಿತು. ದೂರದ ಲೆಕ್ಕ ಸಿಕ್ಕಿತು. ಇನ್ನೇನು ಉಳಿಯಿತು? ದುಡ್ಡು ಕೊಟ್ಟು ಕೊಳ್ಳಲಾಗದ ಎರಡು ಸಂಗತಿ ಉಳಿದವು.

ಒಂದು, ಗಾಳಿ. ಗಂಟೆಗೆ 10 ಮೈಲಿನ ಅಡ್ಡಗಾಳಿ ಅದೇ ಗುಂಡನ್ನು 500 ಗಜದಲ್ಲಿ 15 ಅಂಗುಲಕ್ಕೂ ಮಿಕ್ಕಿ ಪಕ್ಕಕ್ಕೆ ತಳ್ಳುತ್ತದೆ. ಗಾಳಿಯನ್ನು ಅಂದಾಜು ಮಾಡುವಾಗ 5 ಮೈಲು ತಪ್ಪಿದರೂ 8 ಅಂಗುಲ ಹೋಯಿತು. ಎಲ್ಕ್‌ನ ಹೃದಯ ಶ್ವಾಸಕೋಶ ಇರುವ ಜಾಗದ ಅಗಲ ಒಂದೂಕಾಲು ಅಡಿ ಅಂದುಕೊಳ್ಳಿ. ನಟ್ಟನಡುವೆ ಗುರಿಯಿಟ್ಟವನ ಗುಂಡು ಅಂಚಿನ ಹೊರಗೆ ಬಿತ್ತು. ಜಿಂಕೆಯಾದರೆ ಕೇಳುವುದೇ ಬೇಡ. ಕಣಿವೆಯಲ್ಲಿ ನೀವು ನಿಂತ ಜಾಗದ ಗಾಳಿ ಒಂದು, ನಡುವಿನದು ಇನ್ನೊಂದು, ಆಚೆ ದಡದ್ದು ಮತ್ತೊಂದು. ಯಾವ ಸ್ಕೋಪಿಗೂ ಇದು ಪೂರ್ತಿಯಾಗಿ ಕಾಣುವುದಿಲ್ಲ.

ಎರಡು, ಪ್ರಾಣಿಯ ಹೆಜ್ಜೆ. 500 ಗಜ ಕ್ರಮಿಸಲು ಗುಂಡಿಗೆ ಸುಮಾರು 0.65 ಸೆಕೆಂಡು ಬೇಕು. ಗಂಟೆಗೆ 5 ಕಿ.ಮೀ. ಅಂದರೆ ಸಾಮಾನ್ಯ ನಡಿಗೆ, ಸೆಕೆಂಡಿಗೆ 1.39 ಮೀಟರ್. ಗುಣಿಸಿ ನೋಡಿ: 90 ಸೆಂ.ಮೀ. ನಿಂತಿದ್ದ ಪ್ರಾಣಿ ನೀವು ಕುದುರೆ ಎಳೆದ ಗಳಿಗೆಯಲ್ಲೇ ನಡೆಯಲು ಮನಸ್ಸು ಮಾಡಿದರೆ, ಹೃದಯಕ್ಕೆ ಹೊರಟ ಗುಂಡು ಹೊಟ್ಟೆಗೆ ತಾಗುತ್ತದೆ. ನಿಮ್ಮ ಗುರಿ ಸರಿ, ಸ್ಕೋಪು ಸರಿ, ಲೆಕ್ಕ ಸರಿ, ಗಾಳಿಯೂ ಸರಿ. ಆದರೂ ಹೊಟ್ಟೆಗೆ. ಹೊಟ್ಟೆಗೆ ಏಟು ತಿಂದ ಪ್ರಾಣಿ ಕೂಡಲೇ ಸಾಯುವುದಿಲ್ಲ. ಗಂಟೆಗಟ್ಟಲೆ ನರಳುತ್ತದೆ. ಆಚೆ ದಡಕ್ಕೆ ನೀವು ಇಳಿದು ಹತ್ತಿ ಹೋಗುವಷ್ಟರಲ್ಲಿ ಕತ್ತಲಾಗಿರುತ್ತದೆ. ರಕ್ತದ ಗುರುತು ಎಲ್ಲಿಂದ ಶುರುವಾಯಿತು ಎಂಬುದೂ ಗೊತ್ತಾಗುವುದಿಲ್ಲ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. "ವರ್ಷವಿಡೀ ಅಭ್ಯಾಸ ಮಾಡಿ 500 ಗಜಕ್ಕೆ ಹೊಡೆಯುವವನು, ವರ್ಷಕ್ಕೊಮ್ಮೆ ಕೋವಿ ಹಿಡಿದು 150 ಗಜಕ್ಕೆ ಹೊಡೆಯುವವನಿಗಿಂತ ವಾಸಿ" ಎಂದು ದೂರದ ಬೇಟೆಯವರು ಹೇಳುತ್ತಾರೆ. ಇದು ಪೂರ್ತಿ ಸುಳ್ಳಲ್ಲ. ಹತ್ತಿರದಲ್ಲಿ ಅಜಾಗರೂಕತೆಯಿಂದ ಹೊಡೆದು ಗಾಯಗೊಳಿಸುವವರೂ ಇದ್ದಾರೆ. ಆದರೆ ಅಭ್ಯಾಸದಿಂದ ಕೈ ನಡುಕ ಕಡಿಮೆಯಾದೀತು, ಗುಂಡಿನ ಹಾರಾಟದ ಕಾಲ ಕಡಿಮೆಯಾಗುವುದಿಲ್ಲ. ಆ 0.65 ಸೆಕೆಂಡು ಪ್ರಾಣಿಯದ್ದು, ನಿಮ್ಮದಲ್ಲ. ಕಬ್ಬಿಣದ ಹಲಗೆ ಹೆಜ್ಜೆ ಇಡುವುದಿಲ್ಲ. ಹಲಗೆಗೆ ಎಷ್ಟು ದೂರದಿಂದ ಬೇಕಾದರೂ ಹೊಡೆಯಿರಿ, ನಾವೇ ಚಪ್ಪಾಳೆ ತಟ್ಟುತ್ತೇವೆ.

ಅಮೆರಿಕದವರೇ ಇದನ್ನು ಯೋಚಿಸಿಲ್ಲ ಎಂದಲ್ಲ. ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಎಂಬ ಬೇಟೆಗಾರರ ಸಂಸ್ಥೆ ಇದೆ. ಎಷ್ಟು ಗಜ ಎನ್ನುವುದಕ್ಕಿಂತ ಹೊಡೆಯುವವನ ಉದ್ದೇಶವೇನು ಎನ್ನುವುದು ಮುಖ್ಯ ಎಂಬುದು ಅದರ ನಿಲುವು. ತನ್ನ ಸಲಕರಣೆಯ ಶಕ್ತಿ ಪರೀಕ್ಷಿಸಲು ಜೀವಂತ ಪ್ರಾಣಿಯನ್ನು ಬಳಸುವುದು ಬೇಟೆಯಲ್ಲ ಎನ್ನುತ್ತದೆ. ಐಡಹೋ ರಾಜ್ಯದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಒಯ್ಯುವ ಕೋವಿಯ ಮೇಲೆ, ಗೆರೆ ಬೆಳಗಿಸುವ ಬ್ಯಾಟರಿಯನ್ನು ಬಿಟ್ಟರೆ, ಲೆಕ್ಕ ಹಾಕುವ ಎಲೆಕ್ಟ್ರಾನಿಕ್ ಸಾಧನಗಳಿಗೆ ಅವಕಾಶವಿಲ್ಲ. ಯೂಟಾ ರಾಜ್ಯ 2024ರಿಂದ ಬಾಯಿಮದ್ದಿನ ಕೋವಿಗಳ ಬೇಟೆಯಲ್ಲಿ ದೊಡ್ಡದು ಮಾಡಿ ತೋರಿಸುವ ಸ್ಕೋಪುಗಳನ್ನೇ ತೆಗೆಸಿತು. ಯಂತ್ರ ಬೆಳೆದಂತೆ ಬೇಲಿಯೂ ಬೆಳೆಯಬೇಕು ಎಂದು ಬೇಟೆ ಬಲ್ಲ ಸಮಾಜಕ್ಕೇ ಅನಿಸಿದೆ ಎಂಬುದನ್ನು ಗಮನಿಸಿ.

ನಮ್ಮ ಕಾಸರಗೋಡಿನ ಕಡೆಗೂ ಒಂದು ನೋಟ ಹಾಯಿಸೋಣ. ಇಲ್ಲಿ ಬೇಟೆ ಇಲ್ಲ, ಆದರೆ ಹಂದಿ ಇದೆ. ಅಡಿಕೆ ಸಸಿ, ಮರಗೆಣಸು, ಬಾಳೆ ಒಂದನ್ನೂ ಬಿಡದ ಕಾಡುಹಂದಿ. ಕೇರಳ ಸರ್ಕಾರ 2022ರಲ್ಲಿ, ಬೆಳೆಗೂ ಜೀವಕ್ಕೂ ಅಪಾಯ ತರುವ ಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಂಥ ಸ್ಥಳೀಯ ಮುಖ್ಯಸ್ಥರಿಗೆ ಕೊಟ್ಟಿತು. ಲೈಸೆನ್ಸು ಇರುವ ಬೆಡಿಯವರನ್ನು ಕರೆಸುತ್ತಾರೆ. ಇಲ್ಲಿ ದೂರ ಇಪ್ಪತ್ತು ಮೂವತ್ತು ಗಜ. ಸ್ಕೋಪಿನ ಮಾತೇ ಇಲ್ಲ, ತಲೆಗೆ ಕಟ್ಟಿದ ಟಾರ್ಚು ಸಾಕು. ಆದರೂ ನಮ್ಮ ಹಳೆಯ ಬೆಡಿಯವರು ಒಂದು ಮಾತು ಹೇಳುತ್ತಾರೆ: ಬೀಳುತ್ತದೆ ಎಂದು ಗೊತ್ತಿದ್ದರೆ ಮಾತ್ರ ಈಡು ಬಿಡಬೇಕು, ಇಲ್ಲದಿದ್ದರೆ ಬಿಡಲೇಬಾರದು. ಯಾಕೆ? ಗಾಯವಾದ ಹಂದಿ ಪೊದೆ ಹೊಕ್ಕಿದರೆ ಬೆಳಗ್ಗಿನ ಜಾವ ಅದಕ್ಕೆ ಎದುರಾಗುವವನು ಬೆಡಿ ಹಿಡಿದವನಲ್ಲ. ತಲೆಗೆ ದೀಪ ಕಟ್ಟಿಕೊಂಡು ರಬ್ಬರು ಟ್ಯಾಪಿಂಗಿಗೆ ಹೋಗುವ ಬಡವ. ಹುಲ್ಲು ಕೊಯ್ಯಲು ಹೋಗುವ ಹೆಂಗಸು. ಹೊಡೆದವನ ತಪ್ಪನ್ನು ಹೊಡೆಯದವರು ತಮ್ಮ ಮೈಮೇಲೆ ಹೊರಬೇಕು.

ಮೂವತ್ತು ಗಜದ ಈ ನೀತಿ ಐನೂರು ಗಜಕ್ಕೂ ಅನ್ವಯಿಸುತ್ತದೆ ಎಂಬುದೇ ನಮ್ಮ ವಾದ. ಹತ್ತಿರದಿಂದ ಹೊಡೆದವನು ತಾನು ಮಾಡಿದ್ದನ್ನು ಕಣ್ಣಾರೆ ಕಾಣುತ್ತಾನೆ, ಕಿವಿಯಾರೆ ಕೇಳುತ್ತಾನೆ. ದೂರದಿಂದ ಹೊಡೆದವನಿಗೆ ಸ್ಕೋಪು ಪ್ರಾಣಿಯ ರೋಮವನ್ನೂ ತೋರಿಸುತ್ತದೆ, ಅದರ ಕೂಗನ್ನು ಕೇಳಿಸುವುದಿಲ್ಲ. ಮಕ್ಕಳ ಆಟದಲ್ಲಿ ತಪ್ಪಿದ ಗುಂಡಿಗೆ ಬೆಲೆಯಿಲ್ಲ, ಮತ್ತೆ ಆಡಿದರಾಯಿತು. ಯೂಟ್ಯೂಬಿನಲ್ಲಿ ತಾಗಿದ ಈಡನ್ನು ಹಾಕುತ್ತಾರೆ, ತಪ್ಪಿದ್ದನ್ನು ಯಾರು ಹಾಕುತ್ತಾರೆ ಹೇಳಿ?

ಹಾಗಾದರೆ ಪ್ರತಿಯೊಬ್ಬರ ದೂರ ಎಷ್ಟು? ಇದಕ್ಕೊಂದು ಸರಳ ಪರೀಕ್ಷೆ. ಊಟದ ಕಾಗದದ ತಟ್ಟೆ ತೆಗೆದುಕೊಳ್ಳಿ, ಎಂಟೊಂಬತ್ತು ಅಂಗುಲದ್ದು. ಮೇಜು, ಮರಳು ಚೀಲ ಏನೂ ಬೇಡ. ಗುಡ್ಡ ಹತ್ತಿ ಏದುಸಿರು ಬಿಡುತ್ತಿರುವಾಗ, ಬೆನ್ನುಚೀಲದ ಮೇಲೆ ಕೋವಿ ಇಟ್ಟು, ಅಥವಾ ಕೂತು, ಒಂದೇ ಒಂದು ಈಡು. ಮರುದಿನ ಮತ್ತೊಂದು. ಬೇರೆ ಬೇರೆ ಗಾಳಿಯಲ್ಲಿ ಹತ್ತು ದಿನ. ಹತ್ತಕ್ಕೆ ಹತ್ತೂ ತಟ್ಟೆಗೆ ಬೀಳುವ ದೂರವೇ ನಿಮ್ಮ ದೂರ. ಒಂಬತ್ತು ಬಿದ್ದರೆ ಸಾಲದೇ ಎಂದರೆ ಸಾಲದು. ಶಾಲೆಯಲ್ಲಿ ಕಡಿಮೆ ಅಂಕಕ್ಕೂ ಪಾಸು ಮಾಡುತ್ತೇವೆ ನಿಜ, ಇಲ್ಲಿ ನೂರಕ್ಕೆ ನೂರು ಬೇಕು. ಹೆಚ್ಚಿನವರಿಗೆ ಆ ದೂರ ತಾವು ನೆನೆಸಿದ್ದಕ್ಕಿಂತ ಬಹಳ ಕಡಿಮೆ ಬರುತ್ತದೆ. ಅಷ್ಟು ದೂರಕ್ಕೆ ಹತ್ತು ಎಕ್ಸ್ ಧಾರಾಳ ಸಾಕು. ಉಳಿದ ದೂರವನ್ನು ಕಾಲಿನಿಂದ ಕ್ರಮಿಸಬೇಕು, ಗಾಳಿಗೆ ಎದುರಾಗಿ, ಸದ್ದಿಲ್ಲದೆ, ತಾಳ್ಮೆಯಿಂದ. ಬೇಟೆ ಎಂಬ ಹೆಸರು ಆ ನಡಿಗೆಗೇ ಸಲ್ಲುವಂಥದ್ದು. ಹತ್ತಿರ ಹೋಗಲಾಗದಿದ್ದರೆ ಬರಿಗೈಯಲ್ಲಿ ಮರಳಿ ಬರುವುದೂ ಬೇಟೆಯೇ.

ಸ್ಕೋಪಿನಲ್ಲಿ ನೂರು ಗುಣ ನೋಡಿ ಕೊಳ್ಳಿ. ಹೊಡೆಯದೆ ಇಳಿಸುವ ಗುಣ ಮಾತ್ರ ಅದರಲ್ಲಿ ಸಿಗುವುದಿಲ್ಲ. ಅದನ್ನು ಹಿಡಿದವರೇ ತರಬೇಕು. ಓದುಗರಲ್ಲಿ ಬೆಡಿ ಬಲ್ಲವರೂ ಇದ್ದೀರಿ, ಬೇಟೆ ಬೇಡವೇ ಬೇಡ ಎನ್ನುವವರೂ ಇದ್ದೀರಿ. ನೀವೇನಂತೀರಿ?